ಅಪಾರ್ಟ್‌ಮೆಂಟಿನ ಆಡಳಿತ ಬದಲಾಯಿತೇ? ಬಾಡಿಗೆದಾರರು ಮೊದಲ ತಿಂಗಳಲ್ಲೇ ಮಾಡಿ ಮುಗಿಸಬೇಕಾದ ಕೆಲಸಗಳು

ಹೆಣ್ಣೂರಿನ ಕಡೆ 96 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಬಾಡಿಗೆಗಿದ್ದೇವೆ. ಇದು ಒಂಬತ್ತನೇ ವರ್ಷ. ಇಷ್ಟರಲ್ಲಿ ಇಲ್ಲಿನ ಆಡಳಿತ ಮೂರು ಸಲ ಕೈ ಬದಲಾಗಿದೆ. ಮೊದಲು ಬಿಲ್ಡರ್ ಕಡೆಯವರೇ ನೋಡಿಕೊಳ್ಳುತ್ತಿದ್ದರು. ಆಮೇಲೆ ಮಾಲೀಕರ ಸಂಘ ಬಂತು. 2024ರ ಏಪ್ರಿಲ್‌ನಲ್ಲಿ ಸಂಘದವರು ಎಲ್ಲವನ್ನೂ ಒಂದು ಏಜೆನ್ಸಿಗೆ ಒಪ್ಪಿಸಿದರು. ಹೋದ ವರ್ಷ ಆ ಏಜೆನ್ಸಿ ಹೋಗಿ ಇನ್ನೊಂದು ಬಂತು. ಮೂರು ಸಲವೂ ಲಿಫ್ಟಿನ ಪಕ್ಕ ಒಂದು ನೋಟಿಸು ಅಂಟಿಸಿದ್ದರು, ಅಷ್ಟೇ. ಮಾಲೀಕರಿಗಾದರೆ ಸಭೆ ಇರುತ್ತದೆ, ಇಮೇಲ್ ಹೋಗುತ್ತದೆ. ನಮ್ಮಂಥ ಬಾಡಿಗೆದಾರರಿಗೆ ಆ ನೋಟಿಸಿನಾಚೆ ಯಾರೂ ಏನೂ ಹೇಳುವುದಿಲ್ಲ.

ಮೊದಲ ಸಲ ನಾನು ಅದನ್ನು ಓದಿ ಸುಮ್ಮನಾದೆ. ನಮ್ಮ ಸ್ಕೂಟರ್ ಪಂಪ್ ರೂಮಿನ ಪಕ್ಕ ನಿಲ್ಲುತ್ತಿತ್ತು. 'ಇಟ್ಕೊಳ್ಳಿ ಮೇಡಂ, ಯಾರೂ ಕೇಳಲ್ಲ' ಎಂದಿದ್ದವರು ಹಳೆಯ ಮ್ಯಾನೇಜರ್. ಅವರು ಹೋದ ನಾಲ್ಕನೇ ದಿನ ಬೆಳಿಗ್ಗೆ ಆರೂವರೆಗೆ ಡ್ಯೂಟಿಗೆ ಹೊರಟು ಕೆಳಗಿಳಿದರೆ ಗಾಲಿಗೆ ಬೀಗ ಬಿದ್ದಿತ್ತು. ಕೇಳಿದ್ದಕ್ಕೆ 'ನಿಮಗೆ ಪರ್ಮಿಷನ್ ಕೊಟ್ಟಿರೋದಕ್ಕೆ ಏನಾದ್ರೂ ಲೆಟರ್ ಇದೆಯಾ?' ಅಂದರು. ಇರಲಿಲ್ಲ. ಬಾಡಿಗೆದಾರರಿಗೆ ಸಿಕ್ಕ ಅನುಕೂಲಗಳಲ್ಲಿ ಮುಕ್ಕಾಲು ಪಾಲು ಹೀಗೆ ಒಬ್ಬ ಮ್ಯಾನೇಜರ್ ತಲೆಯಲ್ಲಿರುತ್ತವೆ, ಅವರ ಜೊತೆಗೇ ಗೇಟು ದಾಟಿ ಹೋಗುತ್ತವೆ. ಆದ್ದರಿಂದ ಹೊಸಬರು ಬರುತ್ತಾರೆಂದು ತಿಳಿದ ಕೂಡಲೇ, ಹಳೆಯವರು ಇನ್ನೂ ಕುರ್ಚಿಯಲ್ಲಿರುವಾಗಲೇ, ಬಾಯಿಮಾತಿನಲ್ಲಿ ಇರುವುದನ್ನೆಲ್ಲ ಕಾಗದಕ್ಕೆ ಇಳಿಸಿಕೊಳ್ಳಿ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಬದಲಾಗಿರುವುದು ಯಾರು?

ಮೊದಲು ಇದನ್ನು ತಿಳಿದುಕೊಳ್ಳಿ. ಏಜೆನ್ಸಿ ಮಾತ್ರ ಬದಲಾಗಿದ್ದರೆ ನಿಮ್ಮ ಕರಾರಿಗೆ ಏನೂ ಆಗಿಲ್ಲ. ಬಿಲ್ಡರ್ ಹೋಗಿ ಸಂಘ ಬಂದಿದ್ದರೂ ಅಷ್ಟೇ. ನೀವು ಕರಾರು ಮಾಡಿಕೊಂಡಿರುವುದು ಮನೆ ಮಾಲೀಕರ ಜೊತೆ. ಸಂಘವಾಗಲಿ ಏಜೆನ್ಸಿಯಾಗಲಿ ನಿಮ್ಮ ಮಾಲೀಕರಲ್ಲ. ಅವರು ನಿಮ್ಮ ಬಾಡಿಗೆ ಏರಿಸುವಂತಿಲ್ಲ, ಮನೆ ಖಾಲಿ ಮಾಡಿ ಎಂದು ನೋಟಿಸ್ ಕೊಡುವಂತಿಲ್ಲ. ಅಂಥ ಕಾಗದ ಬಂದರೆ ಗಾಬರಿಯಾಗದೆ ಫೋಟೊ ತೆಗೆದು ಮಾಲೀಕರಿಗೆ ಕಳಿಸಿ.

'ಇನ್ನು ಮುಂದೆ ಬಾಡಿಗೆ ಈ ಹೊಸ ಖಾತೆಗೆ ಹಾಕಿ' ಎಂದು ವಾಟ್ಸಾಪ್ ಸಂದೇಶ ಬಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಮಾಲೀಕರಿಗೇ ಫೋನ್ ಮಾಡಿ, ದನಿ ಕೇಳಿ, ಆಮೇಲೆ ಅವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆಡಳಿತ ಬದಲಾಗುವ ಗೊಂದಲದಲ್ಲಿ ಇಂಥ ಸಂದೇಶವನ್ನು ನಿಜವೆಂದು ನಂಬುವುದು ಬಹಳ ಸುಲಭ.

ಹಳೆಯ ಮ್ಯಾನೇಜರ್ ಹೋಗುವ ಮೊದಲು

ಮೂರನೇ ಸಲ ನಾನು ಮಾಡಿದ್ದನ್ನು ಹೇಳುತ್ತೇನೆ. ನೋಟಿಸು ಬಿದ್ದ ದಿನವೇ ಸಂಜೆ ಆಫೀಸಿಗೆ ಹೋಗಿ, ನಮ್ಮ ಫ್ಲಾಟಿನ ಮೇಲೆ ಬಾಕಿ ಏನೂ ಇಲ್ಲವೆಂದು ಬರೆಸಿಕೊಂಡು ಸೀಲು ಹಾಕಿಸಿಕೊಂಡೆ. ಮನೆಗೆ ಬಂದಾಗ ಕೊಟ್ಟಿದ್ದ ಮೂವ್-ಇನ್ ಶುಲ್ಕದ ರಸೀದಿ, ಪಾರ್ಕಿಂಗ್ ನಂಬರು, ಕಿಟಕಿಗೆ ಬಲೆ ಹಾಕಿಸಲು ಕೊಟ್ಟ ಅನುಮತಿ, ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿಗೆ ನಲ್ಲಿ ತೆಗೆಸಲು ಕೊಟ್ಟ ಅನುಮತಿ, ಎಲ್ಲವನ್ನೂ ಒಂದು ಇಮೇಲಿನಲ್ಲಿ ಬರೆದು 'ಇವು ಸರಿ ಇವೆ ಎಂದು ದಯವಿಟ್ಟು ಉತ್ತರಿಸಿ' ಎಂದು ಕೇಳಿದೆ. ಪಾಪ, ಅವರು ಹೊರಡುವ ಗಡಿಬಿಡಿಯಲ್ಲೂ ಎರಡು ಸಾಲು ಉತ್ತರ ಕಳಿಸಿದರು. ಆ ಎರಡು ಸಾಲು ನನಗೆ ಈವರೆಗೆ ಮೂರು ಸಲ ಉಪಯೋಗಕ್ಕೆ ಬಂದಿದೆ.

ಮೀಟರ್ ಫೋಟೊ ಮಾತ್ರ ಮರೆಯಲೇಬೇಡಿ. 2024ರ ಬೇಸಿಗೆ ಬೆಂಗಳೂರಿನವರಿಗೆ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿದ್ದವು, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು. ನಮ್ಮಲ್ಲಿ ದಿನಕ್ಕೆ 6,000 ಲೀಟರಿನ ಎಂಟು ಟ್ಯಾಂಕರ್ ಬರುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಆಡಳಿತ ಬದಲಾಯಿತು. ಫೆಬ್ರವರಿ, ಮಾರ್ಚ್ ತಿಂಗಳ ನೀರಿನ ಬಿಲ್ಲನ್ನು ಹಳೆಯವರು ಹಾಕಿರಲೇ ಇಲ್ಲ. ಹೊಸಬರು ಎರಡು ತಿಂಗಳ ಟ್ಯಾಂಕರ್ ಖರ್ಚನ್ನೆಲ್ಲ ಒಟ್ಟು ಮಾಡಿ ಚದರಡಿ ಲೆಕ್ಕದಲ್ಲಿ ಹಂಚಿಬಿಟ್ಟರು. ನಾವು ಮೂರೇ ಜನ, ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಟಾಯ್ಲೆಟ್ಟಿಗೆ ಹಾಕುತ್ತಿದ್ದವರು. ನಮ್ಮ ಪಾಲಿಗೆ 4,100 ರೂಪಾಯಿ ಹೆಚ್ಚುವರಿ ಬಿಲ್ ಬಂತು. ಮನೆಯಲ್ಲಿ ನೀರಿನ ಮೀಟರ್ ಇತ್ತು, ಆದರೆ ಜನವರಿ ಕೊನೆಯ ರೀಡಿಂಗ್ ಎಷ್ಟಿತ್ತು ಎನ್ನುವುದಕ್ಕೆ ನನ್ನ ಬಳಿ ದಾಖಲೆ ಇರಲಿಲ್ಲ. ಕಟ್ಟಿದೆವು. ಆಗಿನಿಂದ ಪ್ರತಿ ತಿಂಗಳ ಒಂದನೇ ತಾರೀಕು ನೀರಿನ ಮೀಟರಿನದೂ ಜನರೇಟರ್ ಯೂನಿಟ್ಟಿನದೂ ಫೋಟೊ ತೆಗೆಯುತ್ತೇನೆ. ಅಡುಗೆಮನೆ ಮೀಟರಿನದು, ಬಚ್ಚಲುಮನೆ ಮೀಟರಿನದು, ಎರಡೂ. ಹಲವು ಮನೆಗಳಲ್ಲಿ ಪ್ರತಿ ನೀರಿನ ಪೈಪಿಗೂ ಒಂದೊಂದು ಮೀಟರ್ ಇರುತ್ತದೆ, ಒಂದನ್ನೇ ನೋಡಿ ಬರಬೇಡಿ.

ಬೆಸ್ಕಾಂ ಮೀಟರ್ ಬೇರೆ ವಿಷಯ. ಪ್ರತಿ ಮನೆಗೂ ಬೆಸ್ಕಾಂನ ಪ್ರತ್ಯೇಕ ಸಂಪರ್ಕ ಇದ್ದರೆ ಆಡಳಿತ ಬದಲಾವಣೆಯಿಂದ ನಿಮ್ಮ ಗೃಹಜ್ಯೋತಿಗೆ ಏನೂ ಆಗುವುದಿಲ್ಲ.

ನಿರ್ವಹಣಾ ಶುಲ್ಕ ಏರಿದರೆ ಯಾರು ಕಟ್ಟಬೇಕು?

ಹೊಸ ಏಜೆನ್ಸಿ ಬಂದ ಎರಡನೇ ತಿಂಗಳು ನಮ್ಮಲ್ಲಿ ಶುಲ್ಕ ಚದರಡಿಗೆ 3 ರೂಪಾಯಿಯಿಂದ 4.25ಕ್ಕೆ ಏರಿತು. ನಮ್ಮದು 1,100 ಚದರಡಿ. 3,300 ಇದ್ದದ್ದು 4,675 ಆಯಿತು. ಇದಕ್ಕೆ ಉತ್ತರ ನಿಮ್ಮ ಬಾಡಿಗೆ ಕರಾರಿನ ಒಂದು ಸಾಲಿನಲ್ಲಿದೆ, ತೆಗೆದು ಓದಿ. 'ಬಾಡಿಗೆಯಲ್ಲಿ ನಿರ್ವಹಣಾ ವೆಚ್ಚ ಸೇರಿದೆ' ಎಂದಿದ್ದರೆ ಏರಿಕೆಯ ಹೊರೆ ಮಾಲೀಕರದು. 'ನಿರ್ವಹಣಾ ವೆಚ್ಚವನ್ನು ಬಾಡಿಗೆದಾರರು ಭರಿಸತಕ್ಕದ್ದು' ಎಂದಿದ್ದರೆ ನಿಮ್ಮದು. ಮೊತ್ತವನ್ನೇ ಬರೆದಿದ್ದರೆ ಅದಕ್ಕಿಂತ ಹೆಚ್ಚಿನದರ ಬಗ್ಗೆ ಮಾಲೀಕರ ಜೊತೆ ಮಾತಾಡಲು ನಿಮಗೆ ಒಳ್ಳೆಯ ನೆಲೆ ಇದೆ.

ಆದರೆ ಬಿಲ್ಲಿನೊಳಗೆ ಏನೇನು ಸೇರಿಸಿದ್ದಾರೆ ಎಂದು ಬಿಡಿಸಿ ನೋಡಿ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲಿಫ್ಟಿನ ಕರೆಂಟು ಇವು ವಾಸ ಮಾಡುವವರ ಖರ್ಚು. ಕಟ್ಟಡಕ್ಕೆ ಬಣ್ಣ ಹೊಡೆಸುವುದು, ಲಿಫ್ಟನ್ನೇ ಬದಲಾಯಿಸುವುದು, ಮುಂದಿನ ದೊಡ್ಡ ಖರ್ಚುಗಳಿಗೆಂದು ಸಂಘ ಕೂಡಿಡುವ ಕಾರ್ಪಸ್ ನಿಧಿ, ಸಿಂಕಿಂಗ್ ಫಂಡ್ ಇವು ಆಸ್ತಿಯ ಖರ್ಚು. ಆಸ್ತಿ ಯಾರದೋ ಅವರೇ ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು ವಿಷಯ, 18 ಶೇಕಡಾ ಜಿಎಸ್‌ಟಿ. ಒಂದು ಮನೆಯ ಶುಲ್ಕ ತಿಂಗಳಿಗೆ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟೂ 20 ಲಕ್ಷ ದಾಟಿದಾಗ ಮಾತ್ರ ಅದು ಬರುತ್ತದೆ. 4,675ರ ಬಿಲ್ಲಿನಲ್ಲಿ ಆ ಸಾಲು ಕಂಡರೆ ಕೇಳಿ.

ನಮ್ಮ ಮಾಲೀಕರು ಮೈಸೂರಿನಲ್ಲಿರುವ ನಿವೃತ್ತರು. ಅವರಿಗೆ ನಾನು ಬರೆದದ್ದು ಇಷ್ಟೇ: 'ಸರ್, ನಮಸ್ಕಾರ. ಈ ತಿಂಗಳಿಂದ ನಿರ್ವಹಣಾ ಶುಲ್ಕ 4,675 ಆಗಿದೆ. ಬಿಲ್ಲಿನಲ್ಲಿ ಬಣ್ಣದ ಕೆಲಸಕ್ಕೆಂದು 600 ರೂಪಾಯಿ ಸೇರಿಸಿದ್ದಾರೆ. ಅದು ಕಟ್ಟಡಕ್ಕೆ ಸಂಬಂಧಿಸಿದ್ದು, ನೀವು ಭರಿಸಬೇಕೆಂದು ವಿನಂತಿ. ಉಳಿದ 4,075 ನಾನು ಕಟ್ಟುತ್ತೇನೆ. ಯಾವ ತೀರ್ಮಾನದ ಮೇಲೆ ಏರಿಸಿದ್ದಾರೆ ಎಂಬ ಸಭೆಯ ನಡಾವಳಿ ನಿಮಗೆ ಬಂದಿದ್ದರೆ ಒಂದು ಪ್ರತಿ ಕಳಿಸಿ.' ಒಪ್ಪಿಕೊಂಡರು. ಜಗಳವಾಡುವ ಧ್ವನಿ ಬೇಡ, ಅಂಕಿ ಇರಲಿ.

ಗೇಟು, ಆ್ಯಪ್, ಕೆಲಸದವರು

ಹೊಸಬರು ಬಂದರೆ ಮೊದಲು ಬದಲಾಗುವುದು ಗೇಟಿನ ಆ್ಯಪ್. ಹಳೆಯದರಲ್ಲಿದ್ದ ಹೆಸರುಗಳೆಲ್ಲ ಅಳಿಸಿಹೋಗುತ್ತವೆ. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನನ್ನು ಮೊದಲ ಸೋಮವಾರ ಗೇಟಿನಲ್ಲಿ ನಲವತ್ತು ನಿಮಿಷ ನಿಲ್ಲಿಸಿದರು. ಆರು ವರ್ಷದಿಂದ ಅದೇ ಗೇಟಿನಲ್ಲಿ ಬಂದುಹೋಗುತ್ತಿದ್ದವರು ಅವರು. ನಮ್ಮ ಮನೆ ಮುಗಿಸಿ ಇನ್ನೂ ಮೂರು ಮನೆಗೆ ಹೋಗಬೇಕು, ತಡವಾದರೆ ಬೈಗುಳ ತಿನ್ನುವವರೂ ಅವರೇ. ಆ ದಿನ ಅವರ ಮುಖ ನೋಡಿ ನನಗೆ ಹೊಟ್ಟೆ ಹಿಂಡಿದಂತಾಯಿತು. ಆದ್ದರಿಂದ ಹೊಸ ಆ್ಯಪ್ ಬರುವ ತಾರೀಕು ಕೇಳಿಕೊಂಡು, ಹಿಂದಿನ ಸಂಜೆಯೇ ಕೆಲಸದವರ, ಹಾಲಿನವರ, ಮಕ್ಕಳ ವ್ಯಾನ್ ಡ್ರೈವರ್ ಹೆಸರು ನೋಂದಾಯಿಸಿ. ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ, ಯುಐಡಿಎಐ ಜಾಲತಾಣದಲ್ಲೇ ಸಿಗುತ್ತದೆ. ನಮ್ಮ ಅಕ್ಕನಿಗೆ ಅದನ್ನು ನಾನೇ ಇಳಿಸಿ ಪ್ರಿಂಟ್ ತೆಗೆದುಕೊಟ್ಟೆ.

ಆ್ಯಪ್‌ನಲ್ಲಿ ಇನ್ನೊಂದು ತೊಡಕು ಬಂತು. ಮಾಲೀಕರ ಹಳೆಯ ಬಾಕಿ 18,600 ರೂಪಾಯಿ ಎಂದು ನಮ್ಮ ಫ್ಲಾಟಿನ ಹೆಸರಿನಲ್ಲಿ ಕಾಣಿಸಿ, ಕ್ಲಬ್‌ಹೌಸ್ ಬುಕಿಂಗ್ ನಿಂತುಹೋಯಿತು. ಆ ಹಣ ನಾವು ಬರುವ ಮೊದಲಿನದು. ಮಗನ ಹುಟ್ಟುಹಬ್ಬಕ್ಕೆ ಎರಡು ದಿನ ಬಾಕಿ. ಕರಾರಿನ ಪ್ರತಿ ತೋರಿಸಿ, ನಾವು ಬಂದ ತಾರೀಕಿನಿಂದ ಕಟ್ಟಿದ ರಸೀದಿಗಳನ್ನು ಇಟ್ಟು, ಮಾಲೀಕರಿಂದ 'ಈ ಬಾಕಿ ನನ್ನದು' ಎಂದು ಸಂಘಕ್ಕೆ ಒಂದು ಸಾಲಿನ ಇಮೇಲ್ ಹಾಕಿಸಿದೆ. ಮಾರನೇ ದಿನ ಬುಕಿಂಗ್ ಸರಿಯಾಯಿತು.

ಹೊಸ ನಿಯಮಗಳು

ರಾತ್ರಿ ಹತ್ತರ ಮೇಲೆ ಅತಿಥಿ ಬರಬಾರದು, ಬ್ಯಾಚುಲರ್‌ಗಳಿಗೆ ಬೇರೆ ಲಿಫ್ಟು, ನಾಯಿ ಸಾಕಬಾರದು. ಇಂಥ ಸಂದೇಶಗಳು ಗುಂಪಿನಲ್ಲಿ ಬಂದಾಗ ಇದು ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ಇದೆಯೇ, ಸರ್ವಸದಸ್ಯರ ಸಭೆಯಲ್ಲಿ ಒಪ್ಪಿಗೆಯಾಗಿದೆಯೇ ಎಂದು ಕೇಳಿ. ಸಭೆಯಲ್ಲಿ ಮತ ಮಾಲೀಕರದು, ನಮಗಿಲ್ಲ. ಆದ್ದರಿಂದ ಸಭೆಗೆ ಮೊದಲು ನಿಮ್ಮ ಮಾಲೀಕರಿಗೆ ನಿಮ್ಮ ಅಭಿಪ್ರಾಯ ತಿಳಿಸಿ, ಅವರು ಬರಲಾಗದಿದ್ದರೆ ಪ್ರಾತಿನಿಧ್ಯದ ಪತ್ರ ಕೊಡಲು ಬೈಲಾದಲ್ಲಿ ಅವಕಾಶ ಇದೆಯೇ ನೋಡಿ. ನಾಯಿ ಬೆಕ್ಕಿನ ವಿಷಯದಲ್ಲಿ ಮಾತ್ರ, ಬಹುಮತ ಇದ್ದರೂ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಮನೆಯೇ ಮಾರಾಟವಾದರೆ

ಇದು ನಿಜಕ್ಕೂ ತೂಕದ ವಿಷಯ, ಏಕೆಂದರೆ ಇಲ್ಲಿ ನಿಮ್ಮ ಅಡ್ವಾನ್ಸ್ ಸಿಕ್ಕಿಕೊಂಡಿರುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಂದರೆ ಇಂದಿನ ಯಾವ ಅಪಾರ್ಟ್‌ಮೆಂಟಿಗೂ ಇಲ್ಲ ಎಂದೇ ಲೆಕ್ಕ. ನಮಗಿರುವುದು ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 109ನೇ ಕಲಮಿನಂತೆ ಮನೆ ಕೊಂಡವರಿಗೆ ಹಳೆಯ ಮಾಲೀಕರ ಹಕ್ಕುಗಳ ಜೊತೆ ಹೊಣೆಗಳೂ ಬರುತ್ತವೆ. ಮಾರಾಟವಾದದ್ದು ತಿಳಿಯದೆ ಹಳೆಯವರಿಗೇ ಬಾಡಿಗೆ ಕಟ್ಟಿದ್ದರೆ ಅದನ್ನು ಮತ್ತೊಮ್ಮೆ ಕಟ್ಟಬೇಕಿಲ್ಲ.

ಹಾಗಂತ ಅಡ್ವಾನ್ಸನ್ನು ಕಲಮಿನ ಮೇಲೆ ಭಾರ ಹಾಕಿ ಬಿಡಬೇಡಿ. ನಮ್ಮ ಮೇಲಿನ ಮಹಡಿಯಲ್ಲಿ ಒಂದು ಕುಟುಂಬ 12 ಲಕ್ಷ ಕೊಟ್ಟು ಭೋಗ್ಯಕ್ಕಿತ್ತು. ಮನೆ ಮಾರಾಟವಾದಾಗ ಹಳೆಯವರು 'ಹೊಸಬರನ್ನು ಕೇಳಿ' ಎಂದರು, ಹೊಸಬರು 'ನಮಗೆ ಯಾರೂ ಹೇಳಿಲ್ಲ' ಎಂದರು. ಭೋಗ್ಯಕ್ಕಿದ್ದ ಆ ಕುಟುಂಬದ ಯಜಮಾನರು ಏಳು ತಿಂಗಳು ಓಡಾಡಿದರು. ಮೂರು ವರ್ಷದ ಭೋಗ್ಯವಾಗಿದ್ದರೂ ನೋಂದಣಿ ಮಾಡಿಸಿರಲಿಲ್ಲ. ಒಂದು ವರ್ಷ ಮೀರಿದ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯ.

ಆದ್ದರಿಂದ ಮನೆ ತೋರಿಸಲು ಜನ ಬರತೊಡಗಿದ ದಿನವೇ ಮಾಲೀಕರನ್ನು ನೇರವಾಗಿ ಕೇಳಿ. ಮಾರಾಟ ಖಚಿತವಾದರೆ ಮೂರೂ ಜನ ಸಹಿ ಮಾಡಿದ ಒಂದು ಪತ್ರ ಬೇಕು. ಅಡ್ವಾನ್ಸ್ ಎಷ್ಟು, ಅದು ಹೊಸಬರ ಕೈಗೆ ಹೋಯಿತೇ ಇಲ್ಲವೇ, ಯಾವ ತಿಂಗಳಿಂದ ಬಾಡಿಗೆ ಯಾರಿಗೆ, ಇವಿಷ್ಟೂ ಅದರಲ್ಲಿರಲಿ. ಕೊಂಡೆವು ಎನ್ನುವವರ ಹೆಸರು ನಿಜವೇ ಎಂದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿ ನೋಡಬಹುದು. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದ್ದು ನೀವು ಆದಾಯ ತೆರಿಗೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ತೋರಿಸುವವರಾದರೆ ಹೊಸ ಮಾಲೀಕರ ಪ್ಯಾನ್ ನಂಬರನ್ನೂ ಆಗಲೇ ಪಡೆದುಕೊಳ್ಳಿ. ಮಾರ್ಚ್‌ನಲ್ಲಿ ಕೇಳಿದರೆ ಯಾರೂ ಬೇಗ ಕೊಡುವುದಿಲ್ಲ.

ಹೊಸ ಮಾಲೀಕರು ತಾವೇ ಬಂದು ಇರುತ್ತೇವೆಂದರೆ ಕರಾರಿನಲ್ಲಿ ಬರೆದಷ್ಟು ನೋಟಿಸ್ ಅವಧಿ ನಿಮ್ಮದು. ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಕೊಡುವುದು ಹದಿನೈದೇ ದಿನ. ನಮ್ಮ ಕರಾರಿನಲ್ಲಿ ಎರಡು ತಿಂಗಳೆಂದಿದೆ. ಹೋದ ಸಲ ನವೀಕರಿಸುವಾಗ ಮಗನ ಪರೀಕ್ಷೆಗಳನ್ನು ನೆನೆದು, ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ಖಾಲಿ ಮಾಡಿಸುವಂತಿಲ್ಲ ಎಂಬ ಸಾಲನ್ನೂ ಸೇರಿಸಿ ಎಂದು ಕೇಳಿದೆ. ಸರ್ ಮರುಮಾತಿಲ್ಲದೆ ಸೇರಿಸಿದರು.