ಮಾಡೆಲ್ ಜೊತೆ ಬರುವವರು: ಕಡಲ ದಂಡೆಯ ಶೂಟ್‌ಗಳಲ್ಲಿ ನಾನು ಪಾಲಿಸುವ ಕ್ರಮ

ಕಾರವಾರದಲ್ಲಿ ನನ್ನ ಕೆಲಸ ಹೆಚ್ಚಾಗಿ ಸೀರೆ ಅಂಗಡಿ, ಬುಟೀಕ್, ಆಭರಣದ ಅಂಗಡಿಗಳಿಗೆ ಫೋಟೊ ತೆಗೆಯುವುದು. ಮಾಡೆಲ್‌ಗಳು ಬಹುತೇಕ ಇಲ್ಲಿಯವರೇ. ಕುಮಟಾ, ಅಂಕೋಲಾ, ಶಿರಸಿ ಕಡೆಯ ಹುಡುಗಿಯರು. ದಿನ ಗೊತ್ತು ಮಾಡುವಾಗ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಣ್ಣಾ, ಜೊತೆಗೆ ಒಬ್ಬರನ್ನ ಕರ್ಕೊಂಡು ಬರ್ಲಾ?"

ಕರ್ಕೊಂಡು ಬಾ ಅನ್ನುತ್ತೇನೆ. ಕೆಲವು ಫೋಟೊಗ್ರಾಫರ್ ಗೆಳೆಯರು ಖಡಾಖಂಡಿತ ಬೇಡ ಅನ್ನುತ್ತಾರೆ. ಅವರ ಕಷ್ಟ ನನಗೂ ಗೊತ್ತು, ಆದರೆ ಮಾತು ಒಪ್ಪುವುದಿಲ್ಲ. ಪರಿಚಯವೇ ಇಲ್ಲದ ಗಂಡಸು ಕರೆದ ಅಂತ ಒಬ್ಬ ಹುಡುಗಿ ಬೆಳಕು ಹರಿಯುವ ಹೊತ್ತಿಗೆ ಖಾಲಿ ದಂಡೆಗೆ ಒಬ್ಬಳೇ ಬರಬೇಕಾ? ಜೊತೆಗೆ ಯಾರೂ ಬರಕೂಡದು ಎಂದು ಹಟ ಹಿಡಿಯುವವನ ಶೂಟ್‌ಗೆ ಹೋಗಲೇಬೇಡಿ ಅಂತ ಹೊಸಬರಿಗೆ ನಾನೇ ಹೇಳುತ್ತೇನೆ. ಜೊತೆಗೊಬ್ಬರು ಇದ್ದರೆ ನನಗೂ ಒಳ್ಳೆಯದು. ನಾಳೆ ಏನಾದರೂ ಮಾತು ಬಂದರೆ ಅಲ್ಲಿ ಕಣ್ಣಾರೆ ಕಂಡವರು ಇರುತ್ತಾರೆ.

ತೊಂದರೆ ಬರುವುದು ಜೊತೆಗಾರರಿಗೆ ಅಲ್ಲಿ ಕೆಲಸವೂ ಇಲ್ಲ, ಜಾಗವೂ ಇಲ್ಲ ಅಂದಾಗ.

ಒಮ್ಮೆ ಕಾರವಾರದ ಹತ್ತಿರದ ತಿಳಮಾತಿ ದಂಡೆಯಲ್ಲಿ ಸೀರೆ ಶೂಟ್ ಇತ್ತು. ಅಲ್ಲಿ ಮರಳು ಕಪ್ಪು. ಬಿಳಿ ಮರಳಿನ ಹಾಗೆ ಕೆಳಗಿನಿಂದ ಬೆಳಕು ಎತ್ತಿ ಕೊಡುವುದಿಲ್ಲ. ಗದ್ದದ ಕೆಳಗೆ, ಕಣ್ಣಿನ ಗುಳಿಯಲ್ಲಿ ನೆರಳು ಕೂತುಬಿಡುತ್ತದೆ. ಬೆಳಕನ್ನು ಮುಖದ ಕಡೆ ತಿರುಗಿಸುವ ರಿಫ್ಲೆಕ್ಟರ್ ಬೇಕೇ ಬೇಕು. ಹುಡುಗಿಯ ಜೊತೆ ಅವಳನ್ನು ಮದುವೆಯಾಗಲಿರುವ ಹುಡುಗ ಬಂದಿದ್ದ. ಒಳ್ಳೆಯವನೇ. ನನ್ನ ಬೆನ್ನ ಹಿಂದೆ ನಿಂತು "ಸ್ವಲ್ಪ ನಗು, ಸೆರಗು ಸರಿ ಮಾಡ್ಕೊ" ಎನ್ನುತ್ತಿದ್ದ. ಕ್ಯಾಮೆರಾದಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದೆ. ಅವಳ ಕಣ್ಣು ಲೆನ್ಸ್ ಮೇಲೆ ಇರಲೇ ಇಲ್ಲ. ಲೆನ್ಸ್‌ಗಿಂತ ಗೇಣು ಮೇಲೆ, ಅವನ ಮುಖದ ಮೇಲೆ ಇತ್ತು. ನಾನು ಒಂದು ಹೇಳಿದರೆ, ಇದು ಅವನಿಗೆ ಸರಿ ಅನಿಸಿತಾ ಅಂತ ಒಮ್ಮೆ ನೋಡಿ ಆಮೇಲೆ ಮಾಡುತ್ತಿದ್ದಳು. ನಮ್ಮ ಕಡೆ ಸೂರ್ಯ ಸಮುದ್ರಕ್ಕೆ ಇಳಿಯುತ್ತಾನೆ. ಚೆಂದದ ಬೆಳಕು ಸಿಗುವುದು ಕೊನೆಯ ಅರ್ಧ ಗಂಟೆ. ಅದರಲ್ಲಿ ಇಂಥ ಎಳೆದಾಟಕ್ಕೆ ಸಮಯ ಎಲ್ಲಿದೆ? ಅವನನ್ನು ಪಕ್ಕಕ್ಕೆ ಕರೆದು, ಅವಳ ಬ್ಯಾಗು, ನೀರು, ಪಿನ್ನಿನ ಡಬ್ಬಿ ಕೊಟ್ಟು, ಅವಳ ನೋಟಕ್ಕೆ ಅಡ್ಡ ಬರದ ಕಡೆ ಕೂರಿಸಿದೆ. ಕರೆದರೆ ಕೇಳುವಷ್ಟು ಹತ್ತಿರ. ಆಮೇಲೆ ಅವಳ ಭುಜ ಸಡಿಲವಾಯಿತು.

ರಿಫ್ಲೆಕ್ಟರ್ ನಾನು ಹಿಡೀತೀನಿ ಎಂದು ಮುಂದೆ ಬರುವ ಜೊತೆಗಾರರು ಬಹಳ. ಕೊಡುವುದಿಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ರಿಫ್ಲೆಕ್ಟರ್ ಹಾಯಿಯ ಹಾಗೆ ಉಬ್ಬಿ, ಹಿಡಿದವರನ್ನೇ ಎಳೆಯುತ್ತದೆ. ಅಂಚು ಮಾಡೆಲ್ ಮುಖಕ್ಕೆ ಬಡಿದರೆ ಯಾರು ಹೊಣೆ? ಅದು ನನ್ನ ಅಸಿಸ್ಟೆಂಟ್ ಕೆಲಸ.

ಎಲ್ಲಕ್ಕಿಂತ ಹೆಚ್ಚಿನ ಭಯ ನೀರಿನದು. ನಮ್ಮೆಲ್ಲರ ಕಣ್ಣು ಮಾಡೆಲ್ ಮೇಲೆ ಇರುತ್ತದೆ. ಜೊತೆಗೆ ಬಂದವರಿಗೆ ಬೇಜಾರು ಬಂದು, ಸೆಲ್ಫಿಗೆ ಅಂತ ಬಂಡೆ ಹತ್ತುತ್ತಾರೆ. ಗೋಕರ್ಣದ ಓಂ ಬೀಚ್‌ನಲ್ಲಿ ಒಬ್ಬಳ ಚಿಕ್ಕಪ್ಪನ ಮಗ ಹಾಗೆ ಹತ್ತಿದ್ದ. ಪಾಚಿ ಕಟ್ಟಿದ ಬಂಡೆ. ತೆರೆ ಬಡಿದು ಕಾಲು ಜಾರಿತು. ಮೊಣಕಾಲಿನ ಚರ್ಮ ಕಿತ್ತುಬಂತು, ಪುಣ್ಯಕ್ಕೆ ನೀರಿಗೆ ಬೀಳಲಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಇದೇ ಹೊತ್ತಿಗೆ ಒಣಗಿದ್ದ ಬಂಡೆ ಇವತ್ತು ಹಾಗೇ ಇರಬೇಕಂತಿಲ್ಲ. ಊರಿನ ಮೀನುಗಾರರಿಗೆ ಇದು ಗೊತ್ತು, ಘಟ್ಟದ ಮೇಲಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಕ್ಯಾಮೆರಾ ಬ್ಯಾಗ್ ತೆರೆಯುವ ಮೊದಲೇ ಎಲ್ಲರನ್ನೂ ನಿಲ್ಲಿಸಿ, ಇಲ್ಲಿಂದ ಮುಂದೆ ಯಾರೂ ಹೋಗಬಾರದು ಎಂದು ಕೈ ತೋರಿಸಿ ಹೇಳುತ್ತೇನೆ.

ಇನ್ನು ಮೊಬೈಲ್. ಹಬ್ಬಕ್ಕೆ ಬಿಡಬೇಕಾದ ಹೊಸ ಸೀರೆ, ಅಂಗಡಿಯವರು ಹಾಕುವ ಮೊದಲೇ ಜೊತೆಗಾರರ ಸ್ಟೇಟಸ್‌ನಲ್ಲಿ ಬಂದರೆ ನನ್ನ ಮೇಲಿನ ನಂಬಿಕೆ ಹೋಯಿತು. ಅವರ ಮೊಬೈಲಿನಲ್ಲಿ ಅವರೇ ತೆಗೆದ ಫೋಟೊದ ಹಕ್ಕು 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಅವರದೇ. ನಂತರ ಜಗಳ ಮಾಡಿ ಪ್ರಯೋಜನ ಇಲ್ಲ, ಮೊದಲೇ ಮಾತಾಗಬೇಕು. ಡ್ರೋನ್ ತರುವವರೂ ಇದ್ದಾರೆ. ಕಾರವಾರದಲ್ಲಿ ನೌಕಾನೆಲೆ ಇದೆ. ಸುಮ್ನೆ ಹಾರಿಸಿ ನೋಡೋಣ ಅನ್ನುವ ಊರಲ್ಲ ಇದು.

ಇಷ್ಟನ್ನೂ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ. ಜೊತೆಗೆ ಒಬ್ಬರು ಮಾತ್ರ. ಅವರ ಹೆಸರು, ಏನಾಗಬೇಕು ಅನ್ನುವುದು ನನಗೆ ಗೊತ್ತಿರಬೇಕು. ಅಂಗಡಿಯವರು ಹಾಕಿದ ಮೇಲೆಯೇ ನಿಮ್ಮ ಫೋಟೊ ಹಾಕಿ. ಊಟ, ಚಹಾ ನಮ್ಮದು. ಮಾಡೆಲ್ "ಓಕೆ ಅಣ್ಣಾ" ಅಂದರೆ ಸಾಲದು. ಜೊತೆಗೆ ಬರುವವರೂ ಓದಿದ್ದಾರೆ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ. ಬಿಗಿ ಆಯಿತು ಅಂತ ಯಾರೂ ಮುನಿಸಿಕೊಂಡಿಲ್ಲ. ಜೊತೆಗೆ ಬಂದವರಿಗೂ ತಾವು ಎಲ್ಲಿ ನಿಲ್ಲಬೇಕು ಅಂತ ಗೊತ್ತಿದ್ದರೆ ಹಾಯೆನಿಸುತ್ತದೆ, ಅಲ್ವಾ?

ಹದಿನೆಂಟು ತುಂಬದ ಹುಡುಗಿಯಾದರೆ ಅಪ್ಪ ಅಮ್ಮನಲ್ಲಿ ಒಬ್ಬರು ಬರಲೇಬೇಕು. ಅವಳು ಹಾಕಿದ ಸಹಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆ ಇಲ್ಲ, ಹಿರಿಯರ ಸಹಿಯೇ ಬೇಕು. ಆದರೆ ಕಾಗದ ಒಂದೇ ಕಾರಣ ಅಲ್ಲ. ಕುಮಟಾದ ಒಬ್ಬ ತಾಯಿ ಮಗಳ ಜೊತೆ ಬಂದವರು, "ತಮ್ಮಾ, ಒಂದ್ ನಿಮಿಷ ತಡಿ" ಎಂದು ನನ್ನನ್ನು ನಿಲ್ಲಿಸಿದರು. ಸೆರಗಿನ ಪಿನ್ ಬಿಚ್ಚಿ ಅವಳ ಭುಜಕ್ಕೆ ಚುಚ್ಚುತ್ತಿತ್ತು. ಹುಡುಗಿ ನನ್ನ ಹತ್ತಿರ ಹೇಳಲು ನಾಚಿಕೊಂಡು ಸುಮ್ಮನೆ ತಡೆದುಕೊಂಡಿದ್ದಳು. ಅಂಥದ್ದು ತಾಯಿಯ ಕಣ್ಣಿಗೆ ಮಾತ್ರ ಬೀಳುತ್ತದೆ.

ದಂಡೆಯಲ್ಲಿ ಬಟ್ಟೆ ಬದಲಿಸಲು ಸರಿಯಾದ ಕೋಣೆ ಸಿಗುವುದು ಕಷ್ಟ. ನಾನು ಮಡಚುವ ಟೆಂಟ್ ಒಯ್ಯುತ್ತೇನೆ, ಅದರ ಬಾಗಿಲು ಕಾಯುವುದು ಜೊತೆಗೆ ಬಂದ ಹೆಂಗಸರು. ದೋಣಿಯಲ್ಲಿ ಕುರುಮಗಡ ದ್ವೀಪದ ಕಡೆ ಹೋಗುವುದಿದ್ದರೆ ಜೊತೆಗಾರರನ್ನೂ ಲೆಕ್ಕ ಹಿಡಿದು ದೋಣಿಯವರಿಗೆ ಹೇಳುತ್ತೇನೆ. ಅವರ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ಶೂಟ್ ದಂಡೆಯ ಮೇಲೆಯೇ ಮುಗಿಸುತ್ತೇವೆ.