ಓಟ ನಿಂತ ಮೇಲೆ ಸ್ನಾಯುವಿನಲ್ಲಿ ಶುರುವಾಗುವ ಕೆಲಸ

ದಿನವೂ ಓಡುವವರ ದಮ್ಮು ಹೆಚ್ಚುವುದೇಕೆ ಎಂಬುದಕ್ಕೆ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದು 1967ರಲ್ಲಿ. ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿದ ಇಲಿಗಳ ಸ್ನಾಯುಗಳಲ್ಲಿ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಕಿಣ್ವಗಳು ಸುಮಾರು ಇಮ್ಮಡಿಯಾಗಿರುವುದನ್ನು ಅಮೆರಿಕದ ಜಾನ್ ಹಾಲೊಸಿ ತೋರಿಸಿದರು. ಈ ಹೆಚ್ಚಳವನ್ನು ಜೀನುಗಳು ಆಗುಮಾಡುವ ಬಗೆಯನ್ನು ಹಂತಹಂತವಾಗಿ ನೋಡೋಣ.

ಮೊದಲನೆಯದು ಸಂಕೇತ. ಸ್ನಾಯು ಸಂಕುಚಿಸಿದಾಗಲೆಲ್ಲ ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಖರ್ಚಾದಂತೆ, ಅದರಿಂದ ಉಳಿಯುವ ಎಎಂಪಿ ಹೆಚ್ಚಿ, ಶಕ್ತಿಯ ಕೊರತೆಯನ್ನು ಗುರುತಿಸುವ ಎಎಂಪಿಕೆ ಎಂಬ ಕಿಣ್ವ ಚುರುಕಾಗುತ್ತದೆ.

ಎರಡನೆಯ ಹಂತ ಕೋಶಕೇಂದ್ರದಲ್ಲಿ ನಡೆಯುತ್ತದೆ, ಇಡೀ ಪ್ರಕ್ರಿಯೆಯ ತಿರುಳೂ ಇದೇ. ವಿಶ್ರಾಂತಿಯಲ್ಲಿರುವ ಸ್ನಾಯುವಿನಲ್ಲಿ ಕೆಲವು ಪ್ರೋಟೀನುಗಳು ಡಿಎನ್‌ಎ ಎಳೆಯನ್ನು ಬಿಗಿಯಾಗಿ ಸುತ್ತಿಟ್ಟು ಜೀನುಗಳನ್ನು ಸುಮ್ಮನಿರಿಸಿರುತ್ತವೆ. ಮೇಲಿನ ಸಂಕೇತಗಳು ತಲುಪಿದಾಗ ಈ ತಡೆಗಳಲ್ಲಿ ಕೆಲವು ಕೋಶಕೇಂದ್ರದಿಂದ ಹೊರಬೀಳುತ್ತವೆ, ಜೊತೆಗೆ ಪಿಜಿಸಿ-1 ಆಲ್ಫಾ ಎಂಬ ಪ್ರೋಟೀನು ಸಕ್ರಿಯವಾಗುತ್ತದೆ. ಅದು ತಾನಾಗಿ ಡಿಎನ್‌ಎಗೆ ಅಂಟಿಕೊಳ್ಳುವುದಿಲ್ಲ. ಅಲ್ಲಿ ಮೊದಲೇ ಕುಳಿತ ನಿಯಂತ್ರಕಗಳ ಜೊತೆಗೂಡಿ ಮೈಟೊಕಾಂಡ್ರಿಯ ನಿರ್ಮಾಣದ ಜೀನುಗಳನ್ನು ಒಟ್ಟಾಗಿ ಎಬ್ಬಿಸುತ್ತದೆ. ಇಷ್ಟು ಮುಖ್ಯವಾದ ಪ್ರೋಟೀನು 1998ರಲ್ಲಿ ಮೊದಲು ಪತ್ತೆಯಾದದ್ದು ಸ್ನಾಯುವಿನಲ್ಲಲ್ಲ, ಇಲಿಯ ಕಂದು ಕೊಬ್ಬಿನ ಅಧ್ಯಯನದಲ್ಲಿ!

ಮೂರನೆಯದು ಕಾಲದ ಲೆಕ್ಕ. ಪಿಜಿಸಿ-1 ಆಲ್ಫಾ ಜೀನಿನ ಸೂಚನೆಯ ನಕಲಾದ ಸಂದೇಶವಾಹಕ ಆರ್‌ಎನ್‌ಎ ವ್ಯಾಯಾಮ ಮುಗಿದ ಕೆಲವೇ ಗಂಟೆಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಸುಮಾರು ಒಂದು ದಿನದೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಆದರೆ ಇಂಥ ಆರ್‌ಎನ್‌ಎಗಳಿಂದ ತಯಾರಾದ ಪ್ರೋಟೀನುಗಳು ಅಷ್ಟು ಬೇಗ ನಾಶವಾಗುವುದಿಲ್ಲವಾದ್ದರಿಂದ, ಮುಂದಿನ ಓಟ ಹೊಸ ಕಂತನ್ನು ಹಳೆಯದರ ಮೇಲೆ ಸೇರಿಸುತ್ತದೆ. ದೀರ್ಘ ವ್ಯಾಯಾಮದಲ್ಲಿ ಪಿಡಿಕೆ-4 ಜೀನೂ ಚುರುಕಾಗಿ, ಗ್ಲೂಕೋಸ್ ಉರಿಯುವುದನ್ನು ತಗ್ಗಿಸಿ ಕೊಬ್ಬಿನ ಬಳಕೆಗೆ ದಾರಿ ಮಾಡಿಕೊಡುತ್ತದೆ.

ಆದ್ದರಿಂದ ಅಭ್ಯಾಸ ರೂಪಿಸುವಾಗ ಭಾನುವಾರ ಒಂದೇ ದಿನ ಮೈ ದಣಿಸಿಕೊಳ್ಳುವ ಬದಲು, ಅದೇ ಶ್ರಮವನ್ನು ವಾರದ ಮೂರು ನಾಲ್ಕು ದಿನಗಳಿಗೆ ಹಂಚುವುದು ಲೇಸೆಂದು ನನಗನ್ನಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಓಡುವ ಪದ್ಧತಿಗೂ ಇಲ್ಲೊಂದು ಆಧಾರವುಂಟು: ಸ್ನಾಯುವಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಗ್ಲೂಕೋಸ್, ಕಡಿಮೆಯಿದ್ದಾಗ ಎಎಂಪಿಕೆ ಸಂಕೇತ ಪ್ರಬಲವಾಗುತ್ತದೆ. ಆದರೆ ಒಂದು ರಾತ್ರಿಯ ಉಪವಾಸ ಯಕೃತ್ತಿನ ದಾಸ್ತಾನನ್ನು ಕರಗಿಸುವಷ್ಟು ಸ್ನಾಯುವಿನದನ್ನು ಕರಗಿಸುವುದಿಲ್ಲ. ಇನ್ಸುಲಿನ್ ಪಡೆಯುವ ಮಧುಮೇಹಿಗಳು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಅಭ್ಯಾಸ ಕೆಲವು ವಾರ ತಪ್ಪಿದರೆ ಹೆಚ್ಚಿದ್ದ ಕಿಣ್ವಗಳು ಇಳಿಯುತ್ತವೆ. ಮರಳಿ ಆರಂಭಿಸುವವರು ಬಿಟ್ಟಾಗಿನ ವೇಗಕ್ಕಿಂತ ನಿಧಾನವಾಗಿ, ಕಡಿಮೆ ದೂರದಿಂದ ಶುರುಮಾಡಬೇಕು.