ಒಂದೇ ವಿಳಾಸ, ಎರಡು ಆಕಾಶ: ನೋ ಮ್ಯಾನ್ಸ್ ಸ್ಕೈನಲ್ಲಿ ನಮ್ಮ ಮೂವರ ಅನ್ವೇಷಣೆ

ಆ ಶನಿವಾರ ರಾತ್ರಿ ಎಂಟೂವರೆಗೆ ಮೈಸೂರಿನಲ್ಲಿದ್ದ ನಾನೂ ಟೊರಾಂಟೊದಲ್ಲಿದ್ದ ನನ್ನ ಚಿಕ್ಕಪ್ಪನ ಮಗನೂ ನೋ ಮ್ಯಾನ್ಸ್ ಸ್ಕೈ ಎಂಬ ಬಾಹ್ಯಾಕಾಶದ ವಿಡಿಯೊ ಗೇಮ್‌ನೊಳಗೆ ಒಂದೇ ಗ್ರಹದ ಒಂದೇ ಪೋರ್ಟಲ್ (ವಿಳಾಸ ಒತ್ತಿದರೆ ಆ ಗ್ರಹಕ್ಕೆ ದಾಟಿಸುವ ಬಾಗಿಲು) ಮುಂದೆ ನಿಂತಿದ್ದೇವೆಂದು ನಂಬಿದ್ದೆವು. ಅವನಿಗೆ ಅದು ಬೆಳಗಿನ ಹನ್ನೊಂದು ಗಂಟೆ. ಫೋನಿನಲ್ಲಿ ಮಾತು ನಡೆದೇ ಇತ್ತು. ನನ್ನ ಎದುರಿಗೆ ಮೊಣಕಾಲೆತ್ತರದ ಕೆಂಪು ಹುಲ್ಲು, ಅದರಾಚೆ ಕಡಲು. ಅವನ ಎದುರಿಗೆ ಬರಿಯ ಹಿಮ. ಹನ್ನೆರಡು ಚಿಹ್ನೆಗಳ ವಿಳಾಸವನ್ನು ಮೂರು ಸಲ ಓದಿ ಹೇಳಿದೆ, ಮೂರು ಸಲವೂ ಅವನು ಸರಿಯಾಗಿಯೇ ಒತ್ತಿದ. ನಾನು ಮೇಲೆ ನೋಡಿದರೆ ಎರಡು ಚಂದ್ರ, ಅವನಿಗೆ ಒಂದೂ ಇಲ್ಲ.

ನೋ ಮ್ಯಾನ್ಸ್ ಸ್ಕೈ ಆಟದ ಇತಿಹಾಸ ಗೊತ್ತಿದ್ದವರಿಗೆ ಈ ದೃಶ್ಯ ಹೊಸದಲ್ಲ. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಹಲೋ ಗೇಮ್ಸ್ ಎಂಬ ಸಣ್ಣ ತಂಡ 2016ರ ಆಗಸ್ಟ್‌ನಲ್ಲಿ ಈ ಆಟವನ್ನು ಬಿಡುಗಡೆ ಮಾಡಿದ ಬೆನ್ನಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು, ನೇರ ಪ್ರಸಾರದಲ್ಲಿ ಒಬ್ಬರ ಪರದೆಯನ್ನು ಇನ್ನೊಬ್ಬರು ನೋಡುತ್ತಾ ನಿಂತರೂ ಪರಸ್ಪರ ಕಾಣಿಸಲೇ ಇಲ್ಲ. ಆಟದ ರೂವಾರಿ ಶಾನ್ ಮರ್ರಿ ಇಬ್ಬರು ಆಟಗಾರರು ಸಂಧಿಸುವ ಸಾಧ್ಯತೆ ತೀರಾ ಕಡಿಮೆ ಎಂದು ಮೊದಲೇ ಹೇಳುತ್ತ ಬಂದಿದ್ದರಾದರೂ, ಸಂಧಿಸಿದ ಮೇಲೂ ಕಾಣದೆ ಹೋಗುವುದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಆದರೆ ಆ ಇಬ್ಬರ ಸ್ಥಿತಿಗೂ ನಮ್ಮ ಸ್ಥಿತಿಗೂ ಒಂದು ವ್ಯತ್ಯಾಸವಿತ್ತು. ಅವರಿಬ್ಬರಿಗೆ ಕಂಡದ್ದು ಒಂದೇ ನೆಲ, ಕಾಣದಿದ್ದದ್ದು ಮನುಷ್ಯ. ನಮಗೆ ನೆಲವೇ ಬೇರೆಯಾಗಿತ್ತು.

ಇದು ಏಕೆ ವಿಚಿತ್ರವೆಂದರೆ, ಈ ಆಟದಲ್ಲಿ ನೆಲ ಬೇರೆಯಾಗಲು ಸಾಧ್ಯವೇ ಇಲ್ಲ. ಇದರಲ್ಲಿರುವ ಗ್ರಹಗಳ ಸಂಖ್ಯೆ 18,446,744,073,709,551,616 ಎನ್ನುತ್ತಾರೆ, ಅಂದರೆ ಎರಡರ ಅರವತ್ತನಾಲ್ಕನೆಯ ಘಾತ. ಇಷ್ಟನ್ನು ಯಾವ ಸರ್ವರ್‌ನಲ್ಲೂ ಕೂಡಿಡಲಾಗದು, ಕೂಡಿಟ್ಟೂ ಇಲ್ಲ. ಪ್ರತಿ ಗ್ರಹಕ್ಕೂ ಒಂದು ಬೀಜಸಂಖ್ಯೆ ಇದೆ. ನಾವು ಹತ್ತಿರ ಹೋದಾಗ ನಮ್ಮ ಯಂತ್ರವೇ ಆ ಸಂಖ್ಯೆಯಿಂದ ಬೆಟ್ಟ, ಕಣಿವೆ, ಹುಲ್ಲು, ಪ್ರಾಣಿಗಳನ್ನೆಲ್ಲ ಲೆಕ್ಕ ಹಾಕಿ ಎಬ್ಬಿಸುತ್ತದೆ, ದೂರ ಹೋದಾಗ ಮರೆತುಬಿಡುತ್ತದೆ. ಲೆಕ್ಕ ಒಂದೇ ಆದ್ದರಿಂದ ಮೈಸೂರಿನಲ್ಲಿ ಎದ್ದ ಬೆಟ್ಟವೇ ಟೊರಾಂಟೊದಲ್ಲೂ ಏಳಬೇಕು. ಸರ್ವರ್‌ಗೆ ಹೋಗುವುದು ನಾವು ಇಟ್ಟ ಹೆಸರು, ಕಟ್ಟಿದ ಬೇಸ್ ಅಂದರೆ ನೆಲೆ, ಬಿಟ್ಟುಹೋದ ಸಂದೇಶ ಇಂಥ ಚಿಲ್ಲರೆ ಸಂಗತಿಗಳು ಮಾತ್ರ. ಹಾಗಾಗಿ ಈ ಆಟದಲ್ಲಿ ಅನ್ವೇಷಣೆಯನ್ನು ಹಂಚಿಕೊಳ್ಳುವುದೆಂದರೆ ಜಾಗವನ್ನು ಹಂಚಿಕೊಳ್ಳುವುದಲ್ಲ, ಆ ಜಾಗ ಎಲ್ಲರ ಯಂತ್ರದಲ್ಲೂ ಮೊದಲೇ ಅಡಗಿದೆ. ಹಂಚಿಕೊಳ್ಳುವುದು ವಿಳಾಸವನ್ನು ಮತ್ತು ಹೆಸರನ್ನು. ಇದು ನನಗೆ ತಡವಾಗಿ ಅರ್ಥವಾಯಿತು.

ನಮ್ಮ ಗೋಜಲಿಗೆ ಕಾರಣ ಗೊತ್ತಾದದ್ದು ಹುಬ್ಬಳ್ಳಿಯ ಗೆಳೆಯನಿಂದ. ನಮ್ಮ ತಂಡದ ಮೂರನೆಯವನಾದ ಆತ, ಎಲ್ಲವನ್ನೂ ಕೇಳಿಸಿಕೊಂಡು, "ನೀವಿಬ್ಬರೂ ಯಾವ ಗ್ಯಾಲಕ್ಸಿಯಲ್ಲಿ ಇದ್ದೀರಿ?" ಎಂದು ಕೇಳಿದ. ನಾನು ಎಲ್ಲರೂ ಆರಂಭಿಸುವ ಯೂಕ್ಲಿಡ್‌ನಲ್ಲಿದ್ದೆ. ಚಿಕ್ಕಪ್ಪನ ಮಗನೋ ಆಟದ ಮುಖ್ಯ ಕಥೆಯನ್ನು ಮುಗಿಸಿ, ಕೊನೆಯಲ್ಲಿ ಸಿಗುವ ಆಯ್ಕೆಯಲ್ಲಿ ಹಸಿರು ಗ್ರಹಗಳು ಹೆಚ್ಚಿರುವ ಹತ್ತನೆಯ ಗ್ಯಾಲಕ್ಸಿ ಐಸೆಂಟಮ್‌ಗೆ ಎಂದೋ ಹೋಗಿಬಿಟ್ಟಿದ್ದ. ಅದನ್ನು ನನಗೆ ಹೇಳಬೇಕೆಂದು ಅವನಿಗೂ ತೋಚಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ. ಆಟದಲ್ಲಿ 250ಕ್ಕೂ ಹೆಚ್ಚು ಗ್ಯಾಲಕ್ಸಿಗಳಿದ್ದು, ಪೋರ್ಟಲ್‌ನ ವಿಳಾಸದಲ್ಲಿ ಗ್ಯಾಲಕ್ಸಿಯ ಉಲ್ಲೇಖವೇ ಇರುವುದಿಲ್ಲ. ಬೀದಿ, ಮನೆಸಂಖ್ಯೆ ಎಲ್ಲ ಬರೆದು ಊರಿನ ಹೆಸರು ಬಿಟ್ಟ ಕಾಗದದಂತೆ ಅದು. ಹಸಿರನ್ನು ಹುಡುಕಿಕೊಂಡು ಹೋದವನಿಗೆ ಅಲ್ಲಿ ಸಿಕ್ಕಿದ್ದು ಹಿಮ ಎಂಬುದನ್ನು ಇವತ್ತಿಗೂ ಆಡಿಕೊಳ್ಳುತ್ತೇವೆ.

ಪರಿಹಾರ ಸುಲಭವೇ ಇತ್ತು. ಅನಾಮಲಿ ಎಂಬ ದೊಡ್ಡ ಗೋಳಾಕಾರದ ನೌಕೆಯೊಂದಿದೆ. ಬಾಹ್ಯಾಕಾಶದಲ್ಲಿ ಎಲ್ಲಿದ್ದರೂ ಅದನ್ನು ಕರೆಯಬಹುದು, ಎಲ್ಲೆಲ್ಲಿಂದಲೋ ಬಂದವರು ಅದರೊಳಗೆ ಒಬ್ಬರಿಗೊಬ್ಬರು ಸಿಗುತ್ತಾರೆ. 2019ರ ಆಗಸ್ಟ್‌ನ ಬಿಯಾಂಡ್ ಅಪ್‌ಡೇಟ್ ಅದನ್ನು ಹೀಗೆ ಕೂಡುಕಟ್ಟೆಯನ್ನಾಗಿ ಮಾಡಿತು. ಒಂದೆಡೆಯಿಂದ ಇನ್ನೊಂದೆಡೆಗೆ ಕ್ಷಣದಲ್ಲಿ ದಾಟಿಸುವ ಅದರೊಳಗಿನ ಟೆಲಿಪೋರ್ಟರ್‌ನಲ್ಲಿ ಜೊತೆಗಾರರ ಬೇಸ್‌ಗಳ ಪಟ್ಟಿಯೂ ಇರುತ್ತದೆ, ಗ್ಯಾಲಕ್ಸಿ ಬೇರೆಯಾದರೂ ಅಡ್ಡಿಯಿಲ್ಲ. ಅವನು ನನ್ನ ಬೇಸ್‌ಗೆ ಹಾರಿ ಬಂದು, ಪಕ್ಕದಲ್ಲೇ ತನ್ನದೊಂದು ಗುಡಿಸಲು ಕಟ್ಟಿ, ಅದರಲ್ಲಿ ಟೆಲಿಪೋರ್ಟರ್ ಇಟ್ಟ. ಅಲ್ಲಿಂದ ಮುಂದೆ ಅವನಿಗೆ ಎರಡೂ ಊರು.

ಮೂವರೂ ಕೂಡಿ ಆಡಲು ಸಾಧ್ಯವಾದದ್ದೇ 2020ರ ಜೂನ್ ನಂತರ. ಮೊದಲ ದಿನಗಳಲ್ಲಿ ಇಲ್ಲದಿದ್ದ ಜೊತೆಯಾಟ ಕಂತುಕಂತಾಗಿ ಬಂದಿತು: 2017ರ ಅಟ್ಲಾಸ್ ರೈಸಸ್ ಅಪ್‌ಡೇಟ್‌ನಲ್ಲಿ ಬೇರೆ ಆಟಗಾರರು ತೇಲುವ ಬೆಳಕಿನ ಉಂಡೆಗಳಾಗಿ ಕಂಡರು, 2018ರ ಜುಲೈನ ನೆಕ್ಸ್ಟ್ ಅಪ್‌ಡೇಟ್‌ನಲ್ಲಿ ನಾಲ್ವರು ಮೈತಳೆದು ಜೊತೆಗೂಡಬಹುದಾಯಿತು, ಬಿಯಾಂಡ್‌ನಲ್ಲಿ ಪಿಸಿಯಲ್ಲಿ ಆ ಸಂಖ್ಯೆ 32ಕ್ಕೆ ಏರಿತು. ನಾನೂ ಹುಬ್ಬಳ್ಳಿಯವನೂ ಪಿಸಿಯಲ್ಲಿದ್ದೆವು, ಟೊರಾಂಟೊದವನು ಪ್ಲೇಸ್ಟೇಷನ್‌ನಲ್ಲಿ. ಬೇರೆ ಬೇರೆ ಯಂತ್ರದವರು ಕೂಡಿ ಆಡಬಹುದಾದ ಕ್ರಾಸ್‌ಪ್ಲೇ ಆ ಜೂನ್‌ನಲ್ಲಿ ಬರುವವರೆಗೆ ಅವನು ನಮಗೆ ಫೋನಿನ ಧ್ವನಿ ಮಾತ್ರ.

ವಿಳಾಸದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಕೆಲಸದ ಮುಕ್ಕಾಲು ಪಾಲು ಅದೇ ಆಗಿತ್ತು. ಒಟ್ಟು ಹದಿನಾರು ಚಿಹ್ನೆಗಳಿವೆ, ಸೊನ್ನೆಯಿಂದ ಹದಿನೈದರವರೆಗಿನ ಅಂಕಿಗಳಿದ್ದಂತೆ. ಮೊದಲ ಚಿಹ್ನೆ ಗ್ರಹದ ಸಂಖ್ಯೆ, ನಂತರದ ಮೂರು ಸೌರವ್ಯೂಹದ ಸಂಖ್ಯೆ, ಉಳಿದ ಎಂಟು ಗ್ಯಾಲಕ್ಸಿಯೊಳಗಿನ ಸ್ಥಾನ. ಈ ಚಿಹ್ನೆಗಳನ್ನು ಒಂದೊಂದಾಗಿ ಕಲಿಯಬೇಕು: ಬಾಹ್ಯಾಕಾಶ ನಿಲ್ದಾಣದಲ್ಲಿ ಆಟದ್ದೇ ಪಾತ್ರವಾದ ಯಾತ್ರಿಕನೊಬ್ಬ ಸಿಕ್ಕರೆ ಅವನ ಊರು ಯಾವುದೆಂದು ಕೇಳಿ, ಆಟದ ಒಂದು ಬಗೆಯ ಹಣವಾದ ನ್ಯಾನೈಟ್ ಸ್ವಲ್ಪ ಕೊಟ್ಟರೆ, ಅವನ ಸಮಾಧಿ ಎಲ್ಲಿದೆಯೆಂದು ತಿಳಿಯುತ್ತದೆ, ಸಮಾಧಿಯ ಬಳಿ ಒಂದು ಚಿಹ್ನೆ ದೊರೆಯುತ್ತದೆ. ಎದುರಿಗೆ ನಿಂತು ಮಾತಾಡುತ್ತಿರುವವನ ಸಮಾಧಿಗೆ ಹೋಗಿ ಬರುವುದು ಮೊದಲ ಸಲ ನನಗೆ ಕಸಿವಿಸಿಯಾಗಿತ್ತು, ನಾಲ್ಕನೆಯ ಸಲಕ್ಕೆ ಅದು ಸಂತೆಯ ಕೆಲಸವಾಯಿತು.

ಈ ಚಿಹ್ನೆಗಳಿಗೆ ಆಟಗಾರರು ಇಟ್ಟಿರುವ ಹೆಸರುಗಳನ್ನು ನಾವು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದೆವು: ಸೂರ್ಯಾಸ್ತ, ಹಕ್ಕಿ, ಮುಖ, ಗ್ರಹಣ, ಬಲೂನು, ದೋಣಿ, ಮೀನು, ಡೇರೆ, ರಾಕೆಟ್, ಮರ. ಫೋಟೊ ಮೋಡ್‌ನಲ್ಲಿ ಪರದೆಯ ಕೆಳಗೆ ಎಡಮೂಲೆಯಲ್ಲಿ ವಿಳಾಸ ಕಾಣುವುದರಿಂದ ಚಿತ್ರ ಕಳಿಸಿದರೆ ಮುಗಿಯಿತು. ಆದರೆ ನಮಗೆ ಓದಿ ಹೇಳುವ ಚಟ. ತೊಂದರೆ ಬಂದದ್ದು ಎರಡು ಚಿಹ್ನೆಗಳಲ್ಲಿ. ಒಂದು ಹುಳು, ಇನ್ನೊಂದು ಏರೋಪ್ಲೇನ್ ಚಿಟ್ಟೆ. ಹುಬ್ಬಳ್ಳಿಯವನು ಎರಡಕ್ಕೂ "ಹುಳ" ಎಂದೇ ಅನ್ನುತ್ತಿದ್ದ. ಕೊನೆಯ ಮೂರರಲ್ಲಿ ಮೊದಲ ಚಿಹ್ನೆ ಹೀಗೆ ಅದಲುಬದಲಾಗಿ ನಾನು ಗ್ಯಾಲಕ್ಸಿಯ ಇನ್ನೊಂದು ಅಂಚಿನಲ್ಲಿ, ಆಮ್ಲದ ಮಳೆಯಲ್ಲಿ, ಒಬ್ಬನೇ ನಿಂತಿದ್ದೆ. ಕೊನೆಯ ಚಿಹ್ನೆ ತಪ್ಪಿದರೆ ಪಕ್ಕದ ಕೇರಿಗೆ ಹೋದಂತೆ, ಈ ಚಿಹ್ನೆ ತಪ್ಪಿದರೆ ದೇಶವೇ ಬದಲು. ಅಂದಿನಿಂದ ಒಬ್ಬ ಹೇಳಿದ್ದನ್ನು ಇನ್ನೊಬ್ಬ ತಿರುಗಿ ಒಪ್ಪಿಸಬೇಕು ಎಂಬ ನಿಯಮ ಬಂತು.

ಎರಡನೆಯ ನಿಯಮ ಹೆಸರಿನದು. ಯಾರು ಮೊದಲು ಅಪ್‌ಲೋಡ್ ಮಾಡುತ್ತಾರೋ ಅವರ ಹೆಸರಿನಲ್ಲಿ ಅನ್ವೇಷಣೆ ದಾಖಲಾಗುತ್ತದೆ. ಮೂವರೂ ಒಟ್ಟಿಗೆ ಹಾರಿದರೆ ವೇಗದ ಇಂಟರ್‌ನೆಟ್ ಇದ್ದವನದೇ ರಾಜ್ಯಭಾರ, ಹೀಗಾಗಿ ಮೊದಲ ವಾರದ ಹದಿನಾಲ್ಕರಲ್ಲಿ ಹನ್ನೊಂದು ಸೌರವ್ಯೂಹ ಟೊರಾಂಟೊ ಪಾಲಾದವು. ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆಮೇಲೆ ಸರದಿ ಮಾಡಿಕೊಂಡೆವು: ಸರದಿಯವನು ಒಬ್ಬನೇ ಹೋಗಿ, ಹೆಸರಿಟ್ಟು, ಅಪ್‌ಲೋಡ್ ಮಾಡಿ ಕರೆಯಬೇಕು, ಉಳಿದಿಬ್ಬರು ಅಲ್ಲಿಯವರೆಗೆ ಅನಾಮಲಿಯಲ್ಲಿ ಕಾಯಬೇಕು.

ಸೌರವ್ಯೂಹಕ್ಕೆ ನದಿಯ ಹೆಸರು, ಅದರ ಗ್ರಹಗಳಿಗೆ ಆ ನದಿಯ ದಂಡೆಯ ಊರುಗಳ ಹೆಸರು ಎಂದು ತೀರ್ಮಾನಿಸಿದ್ದೆವು. ತುಂಗಾ ಎಂದರೆ ಅದರಲ್ಲಿ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ. ಶರಾವತಿಯಲ್ಲಿ ಹೊನ್ನಾವರ, ಗೇರುಸೊಪ್ಪ. ಒಂದು ಸೌರವ್ಯೂಹದಲ್ಲಿ ಹೆಚ್ಚೆಂದರೆ ಆರು ಗ್ರಹಗಳಿರುವುದರಿಂದ ಊರುಗಳಿಗೆ ಬರ ಬರಲಿಲ್ಲ. ಟೈಪ್ ಮಾಡುತ್ತಿದ್ದುದು ರೋಮನ್ ಅಕ್ಷರಗಳಲ್ಲಿ. ಅದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ನಾವು ಸೇರಿಸಿದ್ದು ಎಷ್ಟು ಅಲ್ಪ ಎಂಬುದನ್ನು ಕಲಿಸಿದ್ದು ಹುಬ್ಬಳ್ಳಿಯವನ ನೆಲಮಾಳಿಗೆ. ಶೃಂಗೇರಿಯ ಗುಡ್ಡವೊಂದನ್ನು ನೆಲ ಅಗೆಯುವ ಸಾಧನವಾದ ಟೆರೇನ್ ಮ್ಯಾನಿಪ್ಯುಲೇಟರ್‌ನಿಂದ ಎರಡು ಸಂಜೆ ಕೊರೆದು, ಒಳಗೆ ಮೂರು ಕೋಣೆ, ಕಪಾಟು, ಗಿಡಗಳ ತೊಟ್ಟಿ ಎಲ್ಲವನ್ನೂ ಜೋಡಿಸಿದ್ದ. ಮುಂದಿನ ಶನಿವಾರ ಬಾಗಿಲು ತೆರೆದರೆ ಮಣ್ಣು. ಕಪಾಟಿನ ಮೇಲಿನ ಹಲಗೆಯಷ್ಟೇ ಕಾಣುತ್ತಿತ್ತು, ಗಿಡಗಳು ಗುಡ್ಡದೊಳಗೆ ಬೆಳೆದಂತೆ ನಿಂತಿದ್ದವು. ಅಗೆದದ್ದನ್ನು ನೆನಪಿಡಲು ಆಟದಲ್ಲಿ ಸೀಮಿತ ಜಾಗವಿದೆ. ಅದು ಮೀರಿದಾಗ ಹಳೆಯ ಅಗೆತ ಅಳಿಸಿ, ಬೀಜಸಂಖ್ಯೆಯ ಲೆಕ್ಕದ ಗುಡ್ಡವೇ ಮರಳುತ್ತದೆ. ಅವನು ಮತ್ತೆ ಕಟ್ಟಿದ್ದು ಸಹಜವಾಗಿ ಇದ್ದ ಗುಹೆಯೊಂದರಲ್ಲಿ, ಒಂದು ಹಿಡಿ ಮಣ್ಣನ್ನೂ ತೆಗೆಯದೆ. ಅದು ಈಗಲೂ ಇದೆ.

ಬೇಟೆಗೆ ಹತ್ತಿರವಾದ ಖುಷಿ ಸಿಗುವುದು ಪ್ರಾಣಿಗಳ ದಾಖಲಾತಿಯಲ್ಲಿ. ಗ್ರಹವೊಂದರ ಎಲ್ಲ ಪ್ರಾಣಿಗಳನ್ನೂ ಸ್ಕ್ಯಾನ್ ಮಾಡಿದರೆ ಬಹುಮಾನವುಂಟು. ಕೆಲವು ರಾತ್ರಿ ಮಾತ್ರ ಹೊರಬರುತ್ತವೆ, ಕೆಲವು ನೀರಿನಲ್ಲಿ, ಕೆಲವು ನೆಲದೊಳಗೆ. ಬಿಡುಗಡೆಯಾದ ಮೊದಲ ದಿನವೇ ಆಟಗಾರರು ದಾಖಲಿಸಿದ ಜೀವಿಗಳು 1 ಕೋಟಿ ದಾಟಿದವೆಂದು ಶಾನ್ ಮರ್ರಿ ಹೇಳಿದ್ದರು. ನಮಗೆ ತೀರ್ಥಹಳ್ಳಿಯ ಹನ್ನೊಂದು ಮುಗಿಸಲು ಮೂರು ಶನಿವಾರ ಹಿಡಿಯಿತು. ಹತ್ತು ಸಿಕ್ಕಿದ್ದವು. ಹನ್ನೊಂದನೆಯದರ ಎದುರು ನೆಲದಡಿಯ ವಾಸ ಎಂದಷ್ಟೇ ಇತ್ತು. ಗ್ರಹವನ್ನು ಮೂರು ಪಾಲು ಮಾಡಿಕೊಂಡು, ಸಿಕ್ಕ ಸಿಕ್ಕ ಗುಹೆಗೆ ಇಳಿದು, ಸ್ಕ್ಯಾನ್ ಮಾಡುವ ಕಣ್ಣುಪರದೆಯಾದ ವೈಸರ್ ಎತ್ತಿ ನಿಂತು ನೋಡುತ್ತಿದ್ದೆವು. ಹೊಸ ಪ್ರಾಣಿಯಾದರೆ ಕೆಂಪು ಚುಕ್ಕೆ, ಆಗಲೇ ದಾಖಲಾದದ್ದಾದರೆ ಹಸಿರು. ಹಸಿರು, ಹಸಿರು, ಮತ್ತೆ ಹಸಿರು.

ಕೊನೆಗೆ ಹುಬ್ಬಳ್ಳಿಯವನು "ಬರ್ರಿ, ಬರ್ರಿ" ಎಂದು ಕೂಗಿದ. ಅವನ ಗುರುತಿನತ್ತ ಹಾರಿ, ಗುಹೆಯ ಬಾಯಿಯಲ್ಲಿ ಇಳಿದು, ಹೊಳೆಯುವ ಗಿಡಗಳ ನಡುವೆ ಓಡಿದೆವು. ಮೊಳಕೈಯುದ್ದದ, ಬೂದು ಬಣ್ಣದ, ಬಾಲ ಎಳೆದುಕೊಂಡು ನಡೆಯುವ ಪ್ರಾಣಿಯೊಂದು ಬಂಡೆಯ ಮಗ್ಗುಲಲ್ಲಿತ್ತು; ಮೂವರೂ ಅದರ ಸುತ್ತ ಮಂಡಿಯೂರಿದವರಂತೆ ನಿಂತು ಒಂದು ಕ್ಷಣ ಯಾರೂ ಸ್ಕ್ಯಾನ್ ಮಾಡಲಿಲ್ಲ. ಸರದಿ ಅವನದು. ಏನು ಹೆಸರಿಡುತ್ತೀಯೆಂದು ಕೇಳಿದರೆ, ಇನ್ನೇನು, ಹಲ್ಲಿ ಎಂದ. ರೋಮನ್ ಅಕ್ಷರಗಳಲ್ಲಿ ಹಲ್ಲಿಯೂ ಹಳ್ಳಿಯೂ ಒಂದೇ ರೀತಿ ಬರೆಯಲ್ಪಡುತ್ತವೆ. ನಾಳೆ ಯಾವನೋ ಅಪರಿಚಿತ ಬಂದು ಓದಿದರೆ ಗ್ರಹದ ಹೆಸರಿನ ಬಾಲವೇ ತುಂಡಾಗಿ ಓಡಾಡುತ್ತಿದೆ ಅಂದುಕೊಂಡಾನು ಎಂದು ನಾನು ತಕರಾರು ತೆಗೆದೆ. ಅಷ್ಟರಲ್ಲಿ ಅವನು ಅಪ್‌ಲೋಡ್ ಒತ್ತಿಯಾಗಿತ್ತು.